ಹರಳೆಣ್ಣೆ ಹಚ್ಚಿದ ಕರೆಂಟು ಬೈಕು

ನೂರಾ ಹನ್ನೆರಡು ಹಸುಗಳಿಗೆ ಇನ್ಶೂರೆನ್ಸು ಮಾಡಿಸಿದ ಗಂಡಸು ನಾನು! ಯಃಕಶ್ಚಿತ್ ಒಂದು ಬೈಕಿಗೆ ಮಾಡಿಸಲಾರೆನೇ?

ಹೀಗೆಂದು ನಾನು ಎದೆ ತಟ್ಟಿಕೊಂಡದ್ದು ಒಂದು ಸೋಮವಾರ ಬೆಳಿಗ್ಗೆ, ನನ್ನ ಹೆಂಡತಿ ರಂಜಿತಳ ಎದುರಿಗೆ. ಅವಳು ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ನನ್ನ ಎದೆಯ ಸದ್ದಿಗೆ ತಲೆ ಕೂಡ ಎತ್ತಲಿಲ್ಲ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಹೆಸರು ತಿಮ್ಮರಾಜು. ಅಕ್ಕಿಹೆಬ್ಬಾಳಿನ ಪಕ್ಕದ ನಮ್ಮೂರಿನ ಹಾಲಿನ ಡೇರಿಗೆ ಒಂಬತ್ತು ವರ್ಷದಿಂದ ಸೆಕ್ರೆಟರಿ. ಹಾಲು ಅಳೆಯುವುದು ಊರಿಗೆ ಕಾಣುವ ಕೆಲಸ. ನನ್ನ ಕೀರ್ತಿ ಇರುವುದು ಹಸುವಿನ ಇನ್ಶೂರೆನ್ಸಿನಲ್ಲಿ. ಡಾಕ್ಟರನ್ನು ಕರೆಸುವುದು, ಹಸುವಿನ ಕಿವಿಗೆ ನಂಬರಿನ ಓಲೆ ಹಾಕಿಸುವುದು, ಯಜಮಾನನನ್ನು ಪಕ್ಕದಲ್ಲಿ ಹಗ್ಗ ಹಿಡಿಸಿ ನಿಲ್ಲಿಸಿ ಫೋಟೋ ತೆಗೆಯುವುದು, ಎಲ್ಲ ನಾನೇ. ಅದರಲ್ಲೊಂದು ಗುಟ್ಟೂ ಇದೆ. ಡಾಕ್ಟರು ಬರುವ ಹಿಂದಿನ ದಿನ ಹಸುವಿಗೆ ಚೆನ್ನಾಗಿ ಮೈ ತೊಳೆಸಿ, ಕೊಂಬಿನಿಂದ ಬಾಲದ ತುದಿಯವರೆಗೆ ಹರಳೆಣ್ಣೆ ಸವರಿಸಿಬಿಡುತ್ತೇನೆ. ಎಂಥ ಬಡಕಲು ಹಸುವೂ ಮಿರಮಿರ ಮಿಂಚಿ, ಬೆಲೆ ಐದು ಸಾವಿರ ಏರಿಬಿಡುತ್ತದೆ! ಈ ವಿದ್ಯೆಯನ್ನು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ.

ಇಂಥ ನಾನು ಹೋದ ತಿಂಗಳು ನಾಗಮಂಗಲದ ಒಬ್ಬ ಡ್ರಾಯಿಂಗ್ ಮೇಷ್ಟ್ರ ಹತ್ತಿರ ಸೆಕೆಂಡ್ ಹ್ಯಾಂಡ್ ಕರೆಂಟು ಬೈಕು ಕೊಂಡೆ. ಪೆಟ್ರೋಲು ಬೇಡ, ಹೊಗೆ ಇಲ್ಲ, ಸದ್ದಿಲ್ಲ. ರಾತ್ರಿ ಫೋನಿನ ಹಾಗೆ ಚುಚ್ಚಿ ಮಲಗಿದರೆ ಬೆಳಿಗ್ಗೆ ಗಾಡಿ ತಯಾರು. ಮೇಷ್ಟ್ರು ಕೀಲಿ ಕೊಡುವಾಗ ಏಕೋ ಮುಗುಳ್ನಕ್ಕರು. ಒಳ್ಳೆಯ ಮನುಷ್ಯ ಎಂದುಕೊಂಡೆ. ಹೊಸದರಲ್ಲಿ ಕಟ್ಟಿದ ಐದು ವರ್ಷದ ಇನ್ಶೂರೆನ್ಸು, ಗಾಡಿ ನನ್ನ ಹೆಸರಿಗೆ ಬಂದ ಒಂಬತ್ತನೇ ದಿನಕ್ಕೆ ಮುಗಿದಾಗ ಆ ನಗೆಯ ಅರ್ಥವಾಯಿತು.

ಇದರಲ್ಲಿ ಒಂದು ಸೂಕ್ಷ್ಮವಿತ್ತು. ಕರೆಂಟು ಬೈಕು ಕೊಳ್ಳಲು ನಾನು ಮಾರಿದ್ದು, ಮದುವೆಯಲ್ಲಿ ಮಾವ ಕೊಟ್ಟಿದ್ದ ಪೆಟ್ರೋಲು ಬೈಕನ್ನು. ಮಾವ ಬೋರಯ್ಯನವರ ಊರು ನಾಗಮಂಗಲದ ಪಕ್ಕ. ಮುಂದಿನ ಭಾನುವಾರ ಅವರ ಮೊಮ್ಮಗನ ಮುಡಿ ತೆಗೆಸುವ ಶಾಸ್ತ್ರ, ಮಧ್ಯಾಹ್ನಕ್ಕೆ ಎರಡು ಮರಿ ಕಡಿದು ಬಾಡೂಟ. ಅದಕ್ಕೆ ಕರೆಯಲು ಫೋನು ಮಾಡಿದವರು ನೇರ ಗಾಡಿಯ ವಿಷಯಕ್ಕೇ ಬಂದರು.

"ಅಳಿಮಯ್ಯಾ, ಹಳೇ ಗಾಡಿ ಮಾರುದ್ರಂತೆ. ಓಗ್ಲಿ ಬುಡಿ, ನಿಮ್ ಗಾಡಿ, ನಿಮ್ಮಿಷ್ಟ. ಆದ್ರೆ ಇನ್ಸೂರೆನ್ಸು ಇಲ್ದೆ ಅದ್ರ ಮ್ಯಾಲೆ ನನ್ ಮಗಳ್ನ ಕೂರುಸ್ಬ್ಯಾಡಿ."

ಈ ಮಾತಿಗೆ ಕಾರಣವಿತ್ತು. ಮಾವ ಹಿಂದೆ ಇನ್ಶೂರೆನ್ಸು ತೀರಿಹೋಗಿದ್ದ ಟ್ರಾಕ್ಟರಿನಲ್ಲಿ ಕಬ್ಬು ಸಾಗಿಸುವಾಗ ಸೈಕಲ್ಲಿನವನೊಬ್ಬನಿಗೆ ತಾಗಿಸಿ, ಅವನ ಮುರಿದ ಕಾಲಿಗೆ ಪರಿಹಾರ ಕೊಡಲು ತೆಂಗಿನ ತೋಟದ ಒಂದು ತುಂಡನ್ನೇ ಮಾರಿದ್ದರು. ಆಮೇಲಿನಿಂದ ಮನೆಯ ನೀರೆತ್ತುವ ಮೋಟಾರಿಗೂ ಇನ್ಶೂರೆನ್ಸು ಇದೆಯೇ ಎಂದು ಕೇಳುವ ಸ್ವಭಾವ ಅವರದು.

ನಾನು ಸುಮ್ಮನೆ "ಆಯ್ತು ಮಾವ" ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನನ್ನ ನಾಲಗೆ ಸುಮ್ಮನಿರಬೇಕಲ್ಲ!

"ಏನ್ ಮಾವ ಇಂಗಂತೀರಿ! ಬಾನುವಾರ ಅದೇ ಗಾಡೀಲಿ ಬತ್ತೀವಿ. ಅಂತಿಂಥಾದ್ದಲ್ಲ, ಫುಲ್ ಇನ್ಸೂರೆನ್ಸು! ಕಾಗ್ದ ನಿಮ್ ಕೈಗೆ ಕೊಟ್ಟೇ ನಾನು ಮುದ್ದೆ ಮುರಿಯೋದು!"

ಫೋನಿಟ್ಟ ಮೇಲೆ ರಂಜಿತ ಜರಡಿ ನಿಲ್ಲಿಸಿದಳು. "ಅಲ್ಲಾ, ಬಾಡೂಟದ್ ಮುಂದೆ ಯಾರಾರ ಇಂಥ ಆಣೆ ಇಕ್ಕತಾರಾ?"

"ನೂರಾ ಹನ್ನೆರಡು ಹಸ ಕಣೇ!" ಎಂದೆ.

ಮಂಗಳವಾರ ಕೆ.ಆರ್. ಪೇಟೆಗೆ ಹೋದೆ. ಬಸ್ ಸ್ಟ್ಯಾಂಡಿನ ಹಿಂದೆ, ಜೆರಾಕ್ಸ್ ಅಂಗಡಿಯ ಒಂದು ಮೂಲೆಯಲ್ಲಿ ಜಯರಾಮಯ್ಯ ಎಂಬ ಏಜೆಂಟರಿದ್ದಾರೆ. ರಿಟೈರಾದ ಗಣಿತದ ಮೇಷ್ಟ್ರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕಂಪ್ಯೂಟರಿಗೆ ಒಂದೊಂದೇ ಬೆರಳಿನಲ್ಲಿ ಕುಟ್ಟುತ್ತಾರೆ.

"ಗಾಡಿ ಎಷ್ಟು ಸಿಸಿ?"

"ಸಿಸಿ ಇಲ್ಲ ಸಾರ್. ಕರೆಂಟ್ ಗಾಡಿ."

"ಸಿಸಿ ಇಲ್ಲದ ಗಾಡಿ ಇರುತ್ತೇನ್ರೀ? ಎಂಜಿನ್ ಮೇಲೆ ಬರೆದಿರ್ತಾರೆ, ನೋಡಿ."

"ಎಂಜಿನ್ನೇ ಇಲ್ಲ ಸಾರ್."

ಜಯರಾಮಯ್ಯನವರು ಕನ್ನಡಕ ತೆಗೆದು ನನ್ನನ್ನು ಮರುಕದಿಂದ ನೋಡಿದರು. "ಯಾರ್ರೀ ನಿಮಗೆ ಹೀಗೆ ಮೋಸ ಮಾಡಿದ್ದು?"

ಮೋಟಾರಿನ ವಿಷಯ, ಬ್ಯಾಟರಿಯ ವಿಷಯ ಎಲ್ಲ ವಿವರಿಸಿ ಹೇಳಿದ ಮೇಲೆ ಅವರು ಮೊದಲನೇ ಕಂಪನಿಯ ಪಟ್ಟಿ ತೆರೆದರು. ನನ್ನ ಗಾಡಿಯ ಹೆಸರೇ ಅದರಲ್ಲಿಲ್ಲ. ಎರಡನೆಯದರಲ್ಲಿ ಹೆಸರಿತ್ತು, ಆದರೆ ಇನ್ಶೂರೆನ್ಸು ಮುಗಿದ ಹಳೇ ಗಾಡಿ ಬೇಡ ಎಂದಿತು. ಮೂರನೆಯದು ಬೇಕು ಎಂದಿತು. ಬೇಕು ಎಂದು ಕೇಳಿದ್ದು ಆರು ಸಾವಿರದ ನಾನೂರು ರೂಪಾಯಿ!

"ಸಾರ್! ಸಬ್ಸಿಡೀಲಿ ನಾಲ್ಕು ಹಸೀಗೆ ಆಯ್ತದೆ ಈ ದುಡ್ಡಲ್ಲಿ! ನಾಲ್ಕು ಹಸ, ಎಂಟು ಕೊಂಬು, ಹದಿನಾರು ಕಾಲು! ಇದ್ಕೆ ಇರಾದು ಎರಡೇ ಚಕ್ರ!"

"ಹಸುಗೆ ಬ್ಯಾಟರಿ ಇಲ್ವಲ್ರೀ. ಗಾಡಿ ಬೆಲೇಲಿ ಅರ್ಧ ಬ್ಯಾಟರಿದೇ. ಇಲ್ಲಿ ರಿಪೇರಿ ಮಾಡೋರಿಲ್ಲ, ಪಾರ್ಟ್ಸ್ ಸಿಗಲ್ಲ. ಕಂಪನಿಯವರು ಹೆದರ್ತಾರೆ, ಹೆದರಿದಷ್ಟೂ ರೇಟು ಏರಿಸ್ತಾರೆ."

"ಒಂದು ಸಾವಿರ ಬುಡಿ ಸಾರ್."

"ಇದೇನು ಸೊಪ್ಪಿನ ಕಟ್ಟೇನ್ರೀ, ಚೌಕಾಶಿ ಮಾಡೋಕೆ? ನಾನು ಹೇಳೋದು ಕೇಳಿ. ಬರೀ ಥರ್ಡ್ ಪಾರ್ಟಿ ಮಾಡಿಸಿ. ನಿಮ್ಮ ಗಾಡಿಯಿಂದ ಇನ್ನೊಬ್ಬರಿಗೆ ಏನಾದರೂ ಆದರೆ ಅದು ನೋಡ್ಕೊಳ್ಳುತ್ತೆ. ಕಾನೂನು ಕೇಳೋದೂ ಅಷ್ಟೇ. ಅಗ್ಗ, ಇನ್ಸ್‌ಪೆಕ್ಷನ್ನೂ ಬೇಡ. ಐದು ನಿಮಿಷದ ಕೆಲಸ."

ನೂರಾ ಹನ್ನೆರಡು ಹಸುಗಳ ಸರದಾರನಿಗೆ ಐದು ನಿಮಿಷದ ಕೆಲಸವೇ? ಮಾವನಿಗೆ ಫುಲ್ ಎಂದು ಹೇಳಿ ಅರ್ಧದ ಕಾಗದ ಹಿಡಿದು ಹೋಗುವುದೇ? ಸಾಧ್ಯವೇ ಇಲ್ಲ ಎಂದುಬಿಟ್ಟೆ.

ಜಯರಾಮಯ್ಯನವರು ನಿಟ್ಟುಸಿರು ಬಿಟ್ಟರು. "ಹಾಗಾದರೆ ಇನ್ನೊಂದು ಕಂಪನಿ ಇದೆ. ಗಾಡಿ ತುಂಬಾ ಚೆನ್ನಾಗಿದೆ ಅಂತ ಅವರ ಇನ್ಸ್‌ಪೆಕ್ಷನ್‌ನಲ್ಲಿ ಬಂದರೆ ಸ್ವಲ್ಪ ಕಡಿಮೆಗೆ ಮಾಡಬಹುದು. ನಾಲ್ಕೂ ಕಡೆಯಿಂದ ಫೋಟೋ ಕಳಿಸಿ, ಬ್ಯಾಟರಿ ಮೇಲಿನ ನಂಬರೂ ಕಾಣಬೇಕು."

ಇನ್ಸ್‌ಪೆಕ್ಷನ್! ಚೆನ್ನಾಗಿ ಕಾಣಬೇಕು! ಈ ಎರಡು ಮಾತು ಕಿವಿಗೆ ಬಿದ್ದದ್ದೇ ನನ್ನ ಮೈ ರೋಮಾಂಚನವಾಯಿತು. ನನ್ನ ಅಖಾಡಕ್ಕೇ ಬಂದರಲ್ಲ ಮಹಾರಾಯರು!

ಸಂಜೆ ಮನೆಗೆ ಬಂದಾಗ ರಂಜಿತ ಒಲೆಯ ಮೇಲೆ ಹಾಲಿಟ್ಟು ಫೋನು ಹಿಡಿದು ನಿಂತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ.

"ಗಾಡಿ ಆರ್‌ಸಿ ಕಾರ್ಡ್ ಕೊಡಿ ಒಸಿ," ಎಂದಳು.

ಕೊಟ್ಟೆ. ಹೆಂಗಸರಿಗೆ ಕಾರ್ಡು ನೋಡುವ ಚಪಲ ಎಂದುಕೊಂಡು ಕೈಕಾಲು ತೊಳೆಯಲು ಹೋದೆ. ಬಂದಾಗ ಹಾಲು ಉಕ್ಕಿ ಇಳಿದಿತ್ತು, ಕಾರ್ಡು ಕಿಟಕಿಯ ಮೇಲಿತ್ತು.

"ರೀ, ಒಂದ್ ಮಾತು..."

"ನೂರಾ ಹನ್ನೆರಡು ಹಸ!" ಎಂದು ಕೈ ಎತ್ತಿದೆ. ಅವಳು ಬಾಯಿ ಮುಚ್ಚಿಕೊಂಡಳು.

ಬುಧವಾರ ಬೆಳಗಿನ ಹಾಲಿಗೆ ಹೊರಡುವ ಮೊದಲು ನಮ್ಮವ್ವ ಚಿಕ್ಕಬೋರಮ್ಮನಿಗೆ ಅಪ್ಪಣೆ ಕೊಟ್ಟೆ. "ಅವ್ವಾ, ಗಾಡೀಗೆ ಇನ್‌ಸ್ಪೆಕ್ಸನ್ ಅದೆ. ಲಚ್ಚೀಗೆ ಮಾಡ್ತೀಯಲ್ಲ, ಅಂಗೇ ಮಾಡಿ ಮಡುಗು." ಲಚ್ಚಿ ನಮ್ಮ ಮನೆಯ ಹಸು. ಅವ್ವನ ಕೈಯಲ್ಲಿ ತಯಾರಾಗಿ ಮೂರು ಸಲ ಇನ್ಶೂರೆನ್ಸು ಪಡೆದ ಅನುಭವಸ್ಥೆ.

ಅವ್ವ ಹೇಳಿದ ಕೆಲಸ ಬಿಡುವವಳಲ್ಲ. ಹುಣಸೆಹಣ್ಣು ನೆನೆಸಿ, ತೆಂಗಿನ ನಾರು ಹಿಡಿದು, ಹಿತ್ತಾಳೆ ಬಿಂದಿಗೆ ಬೆಳಗುವ ಹಾಗೆ ಗಾಡಿಯನ್ನು ತಿಕ್ಕಿದ್ದಳು. ಆಮೇಲೆ ಹಿಡಿ, ಸೀಟು, ಟ್ಯಾಂಕಿನಂಥದ್ದು, ಯಾವುದನ್ನೂ ಬಿಡದೆ ಹರಳೆಣ್ಣೆ ಸವರಿದ್ದಳು. ಕೊನೆಗೆ ದೀಪದ ಮೇಲೆ ಅರಿಸಿನ, ಕುಂಕುಮ. ಲಚ್ಚಿಯ ಕೊರಳಿನ ಗಂಟೆಯನ್ನೂ ಬಿಚ್ಚಿ ಹ್ಯಾಂಡಲ್ಲಿಗೆ ಕಟ್ಟಿದ್ದಳು! ಗಾಡಿ ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು.

"ಇನ್ಯಾರ್ಲಾ ಬೆಲೆ ಕಮ್ಮಿ ಕಟ್ತಾರೆ?" ಎಂದಳು ಅವ್ವ ಹೆಮ್ಮೆಯಿಂದ.

"ರೀ, ಸೀಟಿಗೂ ಎಣ್ಣೆ ಅಚ್ಚವ್ರೆ," ಎಂದಳು ರಂಜಿತ. "ಅದೂ ಅಲ್ದೆ ಒಂದ್ ಮಾತು..."

"ನೂರಾ ಹನ್ನೆರಡು..."

"ಹಸ. ಗೊತ್ತು ಬುಡಿ."

ಗಾಡಿಯ ಪಕ್ಕದಲ್ಲಿ ನಾನೇ ಹ್ಯಾಂಡಲ್ಲು ಹಿಡಿದು ನಿಂತೆ. ಮುಂದಿನಿಂದ ಒಂದು, ಎಡಕ್ಕೊಂದು, ಬಲಕ್ಕೊಂದು, ಬಾಲದ ಕಡೆಯಿಂದ ಒಂದು. ಅವ್ವ ಫೋಟೋ ತೆಗೆದಳು. ಗುರುವಾರ ಜಯರಾಮಯ್ಯನವರ ಫೋನು ಬಂತು.

"ತಿಮ್ಮರಾಜು ಅವರೇ, ಎಲ್ಲಾ ಫೋಟೋದಲ್ಲೂ ನೀವ್ಯಾಕೆ ಇದ್ದೀರಿ?"

"ಯಜಮಾನ ಇರಬ್ಯಾಡ್ವಾ ಸಾರ್?"

"ಅದು ಹಸುಗೆ ಕಣ್ರೀ! ಹೋಗಲಿ, ಬ್ಯಾಟರಿ ನಂಬರು ಎಲ್ಲಿ? ಬ್ಯಾಟರಿ ಡಬ್ಬದ ಮೇಲೆ ಒಂದು ಚೀಟಿ ಅಂಟಿಸಿರ್ತಾರೆ, ಬಿಳಿದು."

ಓಡಿಹೋಗಿ ನೋಡಿದೆ. ಚೀಟಿ ಇರಬೇಕಾದ ಜಾಗ ಕನ್ನಡಿಯಂತೆ ಹೊಳೆಯುತ್ತಿತ್ತು.

"ಅವ್ವಾ, ಇಲ್ಲೊಂದು ಬಿಳೀ ಚೀಟಿ ಇತ್ತಲ್ಲಾ?"

"ಊಂ ಕಣ್ಲಾ ಮಗಾ, ಅಳೇ ಕೊಳೆ. ಎಷ್ಟ್ ತಿಕ್ಕುದ್ರೂ ಓಗ್ನಿಲ್ಲ. ಕೊನೀಗೆ ಕುಡ್ಲು ತಕ್ಕಂಡ್ ಕೆರುದ್ಬುಟ್ಟೆ!"

ಐದು ವರ್ಷ ಮಳೆ ಬಿಸಿಲಿಗೆ ಜಗ್ಗದ ಚೀಟಿ ನಮ್ಮವ್ವನ ಕುಡುಗೋಲಿಗೆ ಶರಣಾಗಿತ್ತು. ಅವ್ವನನ್ನು ಬೈಯುವ ಹಾಗೂ ಇಲ್ಲ. ಲಚ್ಚಿಗೆ ಮಾಡಿದ ಹಾಗೆ ಮಾಡು ಎಂದವನು ನಾನೇ. ನಂಬರಿಲ್ಲದ ಬ್ಯಾಟರಿ ಎಂದರೆ ಕದ್ದ ಬ್ಯಾಟರಿಯೂ ಇರಬಹುದು ಎಂದು ಕಂಪನಿಗೆ ಅನುಮಾನ ಬಂತು. ಸ್ವತಃ ಬಂದು ನೋಡಲು ಆಳು ಕಳಿಸುತ್ತೇವೆ, ಶನಿವಾರ ಎಂದರು. ಭಾನುವಾರವೇ ಬಾಡೂಟ! ಕಾಗದವಿಲ್ಲದೆ ಹೋದರೆ ಮಾವನ ಮುಂದೆ ಮುಖ ಎತ್ತುವುದು ಹೇಗೆ? ಎಲ್ಲರ ಎಲೆಗೂ ಮುದ್ದೆ ಬೀಳುವಾಗ ಕೈ ಕಟ್ಟಿ ಕೂರುವುದು ಹೇಗೆ?

ಶನಿವಾರ ಹನ್ನೊಂದು ಗಂಟೆಗೆ ಶ್ರೀರಂಗಪಟ್ಟಣದಿಂದ ಶ್ರೀಕರ ಎಂಬ ಸರ್ವೇಯರು ಬಸ್ಸಿಳಿದು ಬಂದರು. ಮೂವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೆನೆ ಬಣ್ಣದ ಪ್ಯಾಂಟು. ನಮ್ಮ ಹಟ್ಟಿಯ ಅಂಗಳಕ್ಕೆ ಯಾರೂ ಅಂಥ ಬಟ್ಟೆ ಹಾಕಿಕೊಂಡು ಬರಬಾರದು. ನಾನು ಆಗಲೇ ಹೇಳಬೇಕಿತ್ತು.

"ಗಾಡಿ ತುಂಬಾ ಚೆನ್ನಾಗಿ ಇಟ್ಟಿದ್ದೀರಿ ಸಾರ್," ಎಂದರು ಸುತ್ತ ತಿರುಗಿ ನೋಡಿ.

ನಾನು ರಂಜಿತಳ ಕಡೆ ನೋಡಿ ಮೀಸೆ ತಿರುವಿದೆ.

"ಬ್ಯಾಟರಿ ನಂಬರಿಗೆ ಯೋಚನೆ ಬೇಡ. ಕೀ ಆನ್ ಮಾಡಿದರೆ ಡಿಸ್‌ಪ್ಲೇನಲ್ಲೇ ಬರುತ್ತೆ. ಫೋಟೋ ತಕ್ಕೊಂಡು ಈಗಲೇ ಓಕೆ ಮಾಡ್ಬಿಡ್ತೀನಿ."

ಆಹಾ! ಸ್ವರ್ಗಕ್ಕೆ ಮೂರೇ ಗೇಣು! ಆಗಲೇ ನನ್ನ ಕಣ್ಣ ಮುಂದೆ ಮುದ್ದೆಯೂ ಬೋಟಿ ಗೊಜ್ಜೂ ಬಂದು ಕುಳಿತವು.

"ರೀ," ಎಂದಳು ರಂಜಿತ, "ಸೀಟು..."

"ಶ್! ಸಾಯೇಬ್ರು ಕೆಲ್ಸ ಮಾಡ್ತಾವ್ರೆ."

ಶ್ರೀಕರ ಕೀಲಿ ತಿರುಗಿಸಿದರು. ಗಾಡಿ ಕಿಂಚಿತ್ತೂ ಸದ್ದು ಮಾಡಲಿಲ್ಲ. ಕರೆಂಟು ಗಾಡಿಯ ಗುಣವೇ ಅದು. ಎಚ್ಚರವಾಗಿದ್ದರೂ ನಿದ್ದೆಯಲ್ಲಿರುವಂತೆ ನಿಂತಿರುತ್ತದೆ. ಬಿಸಿಲಿಗೆ ಡಿಸ್‌ಪ್ಲೇ ಕಾಣದೆ, ಬಗ್ಗಿ ನೋಡಲು ಅವರು ಸೀಟಿನ ಮೇಲೆ ಕುಳಿತರು. ಕುಳಿತರೇನು, ಕುಳಿತಂತೆ ಮಾಡಿ ಹಿಂದಕ್ಕೆ ಜಾರಿದರು! ಜಾರುವವನು ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಾನೆ. ಅವರ ಕೈಗೆ ಸಿಕ್ಕಿದ್ದು ಆಕ್ಸಿಲರೇಟರು. ಅದಕ್ಕೂ ಹರಳೆಣ್ಣೆ!

ಗಾಡಿ ಅಂಗಳದಿಂದ ಚಿಮ್ಮಿತು. ಸದ್ದಿಲ್ಲ, ಹೊಗೆಯಿಲ್ಲ, ಗಂಟೆಯ ಕಿಣಿಕಿಣಿ ಮಾತ್ರ. ಅದರ ಮೇಲೆ ಅರ್ಧ ಕುಳಿತು ಅರ್ಧ ಮಲಗಿ ಸರ್ವೇಯರು "ಅಮ್ಮಾ!" ಎಂದು ಕೂಗುತ್ತ ಹೊರಟರು. ಎರಡು ಕೋಳಿ ಹಾರಿದವು. ತಿಪ್ಪೆಯ ಅಂಚಿಗೆ ಹೋದಾಗ ಗಾಡಿಯೂ ಸರ್ವೇಯರೂ ಬೇರೆಬೇರೆಯಾದರು. ಅವರು ತಿಪ್ಪೆಯ ಈ ಮಗ್ಗುಲಿಗೆ, ಗಾಡಿ ಆ ಮಗ್ಗುಲಿಗೆ. ಆ ಮಗ್ಗುಲಲ್ಲಿ ಮೇವು ಮೇಯುತ್ತಿದ್ದ ಲಚ್ಚಿ ತಿರುಗಿ ನೋಡಿದಳು. ತನ್ನ ಗಂಟೆ ಕಟ್ಟಿಕೊಂಡು ಬಂದವರು ಯಾರು ಎಂದು ಅವಳಿಗೆ ರೇಗಿರಬೇಕು. ಹಿಂಗಾಲು ಎತ್ತಿ ಝಾಡಿಸಿ ಒಂದೇ ಒಂದು ಒದೆ! ಮುಂದಿನ ದೀಪ ಪುಡಿಪುಡಿ!

ತಿಪ್ಪೆಯಿಂದ ಮೇಲೆದ್ದ ಶ್ರೀಕರರ ಬಿಳಿ ಅಂಗಿ ಈಗ ಹಸಿರು. ಸದ್ಯ, ಮೈಗೆ ಒಂದು ಗೀರೂ ಆಗಿರಲಿಲ್ಲ. ಅವರು ಕನ್ನಡಕ ಒರೆಸಿಕೊಂಡು ಮೆಲ್ಲಗೆ ಕೇಳಿದರು:

"ಆ ಹಸುಗೆ ಇನ್ಶೂರೆನ್ಸ್ ಇದೆಯಾ?"

"ಅದೆ ಸಾರ್."

"ಈ ಗಾಡಿಗೆ?"

"ಅದ್ಕೇ ನೀವ್ ಬಂದಿರಾದು ಸಾರ್."

ಅವರು ಜೇಬಿನಿಂದ ಒದ್ದೆ ಫಾರಂ ತೆಗೆದು, ಅಲ್ಲೇ ನಿಂತು ನಾಲ್ಕು ಅಕ್ಷರ ಬರೆದರು. ಬಗ್ಗಿ ಓದಿದೆ. 'ವಾಹನ ವಿಪರೀತ ಜಾರುತ್ತದೆ. ಸದ್ಯ ತಿಪ್ಪೆಯಲ್ಲಿದೆ. ಶಿಫಾರಸು ಇಲ್ಲ.'

ನಾನು ಕಟ್ಟೆಯ ಮೇಲೆ ಕುಸಿದು ಕುಳಿತೆ. ನಿಜ ಹೇಳುತ್ತೇನೆ, ಅಳು ಬರುವಂತಾಯಿತು. ದೀಪ ಒಡೆದದ್ದಕ್ಕಲ್ಲ. ಮಾವ ತೋಟದ ತುಂಡು ಕಳೆದುಕೊಂಡು ಕಲಿತ ಬುದ್ಧಿಯನ್ನು ಮಗಳ ಮೇಲಿನ ಅಕ್ಕರೆಗೆ ನನಗೆ ಹೇಳಿದ್ದರು. ನಾನು ಅದನ್ನು ಜಂಭಕ್ಕೆ ಬಳಸಿಕೊಂಡೆನಲ್ಲ ಎಂದು ನಾಚಿಕೆಯಾಯಿತು.

"ರಂಜಿತಾ, ನಾಳೀಕೆ ಬಸ್ಸಲ್ಲಿ ಓಗಾನ. ನಾನು ಬಾಡೂಟ ಉಣ್ಣಾಕಿಲ್ಲ. ಮಾವನ ಕಾಲಿಗ್ ಬಿದ್ದು ತಪ್ಪಾಯ್ತು ಅಂತೀನಿ."

"ಈಗ್ಲಾರ ನನ್ ಮಾತು ಕೇಳ್ತೀರಾ?"

ನೂರಾ ಹನ್ನೆರಡು ಹಸು ಎನ್ನಲು ಬಾಯಿ ಬರಲಿಲ್ಲ. ತಲೆಯಾಡಿಸಿದೆ. ಅವಳು ಫೋನು ತೆಗೆದು ನನ್ನ ಮುಂದೆ ಹಿಡಿದಳು. ನನ್ನ ಹೆಸರು, ನನ್ನ ಗಾಡಿಯ ನಂಬರು, ಕೆಳಗೊಂದು ಮೊಹರು. ಥರ್ಡ್ ಪಾರ್ಟಿ ಇನ್ಶೂರೆನ್ಸು!

"ಯಾವಾಗ್ಲೇ ಮಾಡ್ಸುದ್ದು?"

"ಮಂಗಳವಾರ ಸಾಯಂಕಾಲ. ಒಲೆ ಮ್ಯಾಲೆ ಹಾಲಿಟ್ಟಿದ್ನಲ್ಲ, ಅದು ಉಕ್ಕಾದ್ರೊಳ್ಗೆ ಆಯ್ತು. ಸಿಸಿ ಪಾಸಿ ಏನೂ ಕೇಳ್ನಿಲ್ಲ. ಎಷ್ಟು ಕಿಲೋವ್ಯಾಟು ಅಂದ್ರು, ಕಾರ್ಡಲ್ಲಿತ್ತು, ಒತ್ತುದೆ."

"ಮತ್ತೆ ಹೇಳ್ಬಾರ್ದಾ?"

"ಎರಡ್ ದಪ ಹೇಳಾಕ್ ಬಂದೆ. ಎರಡ್ ದಪಾನೂ ಹಸ ಅಡ್ಡ ಬಂದೊ. ನಮ್ಮಪ್ಪ ಹೇಳುದ್ದೇನು? ಇನ್ನೊಬ್ರಿಗೆ ಏನಾರ ಆದ್ರೆ ತೋಟ ಮಾರಂಗಾಗ್ಬಾರ್ದು ಅಂತ. ಅದ್ಕೆ ಇದು ಸಾಲ್ದಾ? ಫುಲ್ಲು ಅಂತ ಕುಣುದೋರು ನೀವು."

ಬಚ್ಚಲ ಕಡೆ ಹೊರಟಿದ್ದ ಶ್ರೀಕರ ತಿರುಗಿ ಬಂದರು. ಮುಖದಲ್ಲಿ ಒಂದು ಕಳೆ ಬಂದಿತ್ತು. "ಥರ್ಡ್ ಪಾರ್ಟಿ ಇದೆಯಾ? ಹಾಗಾದರೆ ನನ್ನ ಪ್ಯಾಂಟಿಗೆ ಕ್ಲೇಮು..." ಅಲ್ಲೇ ನಿಂತು ಯೋಚಿಸಿ ಹಣೆ ಚಚ್ಚಿಕೊಂಡರು. "ಛೆ! ಓಡಿಸಿದವನೂ ನಾನೇ ಆಗ್ಬಿಟ್ನಲ್ಲ!"

ಅವ್ವ ಅವರಿಗೆ ಬಿಸಿನೀರು ಹುಯ್ದಳು. ಬಾಡೂಟಕ್ಕೆಂದು ನಾನು ತಂದಿಟ್ಟಿದ್ದ ಹೊಸ ಪಂಚೆಯುಟ್ಟು, ಒಂದು ಲೋಟ ಕಾಫಿ ಕುಡಿದು, ಅವರು ಶ್ರೀರಂಗಪಟ್ಟಣದ ಬಸ್ಸು ಹತ್ತಿದರು. ಸಂಜೆಯೊಳಗೆ ಕೆ.ಆರ್. ಪೇಟೆಯ ಮೆಕ್ಯಾನಿಕ್ಕು ಪೆಟ್ರೋಲು ಗಾಡಿಯ ದೀಪವೊಂದನ್ನು ಹೇಗೋ ಕೂರಿಸಿಕೊಟ್ಟ. ಸೀಟನ್ನು ಸೀಗೇಪುಡಿ ಹಾಕಿ ಏಳು ಸಲ ತೊಳೆದೆ.

ಭಾನುವಾರ ಹಳೇ ಪಂಚೆಯುಟ್ಟು, ರಂಜಿತಳನ್ನು ಹಿಂದೆ ಕೂರಿಸಿಕೊಂಡು ಮಾವನ ಮನೆಯ ಮುಂದೆ ಇಳಿದೆ. ಚಪ್ಪರದ ಕೆಳಗೆ ನೆಂಟರೆಲ್ಲ ಕುಳಿತಿದ್ದರು. ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿದ್ದ ಕಾಗದವನ್ನು ಮಾವ ಕೈಯಲ್ಲಿ ಹಿಡಿದು ಮೇಲಿಂದ ಕೆಳಗೆ ಓದಿದರು. ತಾರೀಕು ಇರುವಲ್ಲಿ ಎರಡು ಸಲ ಬೆರಳಾಡಿಸಿದರು.

"ಮಾವ, ಇದು ಫುಲ್ಲಲ್ಲ..." ಎಂದು ತಪ್ಪೊಪ್ಪಿಗೆ ಶುರು ಮಾಡಿದೆ.

"ಇದೇ ಸಾಕು ಕಣ್ರೀ. ಗಾಡಿ ಮುರುದ್ರೆ ಇನ್ನೊಂದು ತರಬೋದು. ಇನ್ನೊಬ್ರ ಕಾಲು ಎಲ್ಲಿಂದ ತರಾದು?" ಅವರ ಕಣ್ಣು ಒದ್ದೆಯಾಗಿತ್ತು. "ಯಾರ್ ಮಾಡ್ಸುದ್ದು?"

ನಾನು ನೆಲ ನೋಡಿದೆ. ಬಾಯಿ ಬಿಟ್ಟದ್ದು ರಂಜಿತ. "ಇನ್ಯಾರಪ್ಪಾ, ಅವ್ರೇ. ವಾರವೆಲ್ಲಾ ಅದೇ ಕೆಲ್ಸ."

ಮಾವ ನನ್ನ ಬೆನ್ನು ತಟ್ಟಿದರು. "ಸುಮ್ಕೆ ಅಂದಾರಾ, ನೂರಾ ಹನ್ನೆರಡು ಹಸದ ಸೆಕ್ರೆಟ್ರಿ ಅಂತ! ಬನ್ನಿ ಅಳಿಮಯ್ಯಾ, ನಿಮ್ಗೊಂದು ತೋರುಸ್ಬೇಕು."

ಕೊಟ್ಟಿಗೆಗೆ ಕರೆದುಕೊಂಡು ಹೋಗಿ, ಮೂಲೆಯಲ್ಲಿ ಹೊದಿಸಿದ್ದ ಗೋಣಿಚೀಲ ಎಳೆದರು. ಕರೆಂಟು ಬೈಕು! ನನ್ನದೇ ಬಣ್ಣ, ನನ್ನದೇ ಕಂಪನಿ!

"ನಿಮ್ ಗಾಡಿ ಸುದ್ದಿ ಕೇಳಿ ನಂಗೂ ಆಸೆ ಆಯ್ತು. ಅದೇ ಡ್ರಾಯಿಂಗ್ ಮೇಷ್ಟ್ರು, ಅವರ ತಮ್ಮಂದೂ ಒಂದದೆ ಅಂದ್ರು. ಪಾಪ, ನಗನಗ್ತಾ ಕೊಟ್ರು. ಇನ್ಸೂರೆನ್ಸು ಮುಗಿಯಾಕೆ ಇನ್ನೂ ಒಂಬತ್ತು ದಿವ್ಸ ಅದೆ. ನನ್ ಗಾಡೀದು ನೀವೇ ಮಾಡುಸ್ಕೊಡ್ಬೇಕು. ನಂಗೆ ಇನ್ಯಾರ್ ಮ್ಯಾಲೂ ನಂಬ್ಕೆ ಇಲ್ಲ!"

ನಾನು ಗಾಡಿಯನ್ನು ನೋಡಿದೆ. ಮಾವನನ್ನು ನೋಡಿದೆ. ಕೊನೆಗೆ ಕೊಟ್ಟಿಗೆಯ ಬಾಗಿಲಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದ ಹೆಂಡತಿಯನ್ನು ನೋಡಿದೆ.

"ಮಾಡುಸ್ತಾರೆ ಕಣಪ್ಪಾ," ಎಂದಳು ಅವಳು. "ನೀನು ಮೊದ್ಲು ಮನೇಲಿರೋ ಹರಳೆಣ್ಣೆ ಡಬ್ಬ ಬಚ್ಚಿಡು."